ನೌಬಾದಿನಲ್ಲಿ ನೆಲದಡಿ ಹರಿಯುವ ಕಾಲುವೆ

ಬೀದರಿಗೂ ಸಮುದ್ರಕ್ಕೂ ನೂರಾರು ಕಿಲೋಮೀಟರ್ ದೂರ. ಆದರೂ ಕರಾವಳಿಯವರು ಇಲ್ಲಿಗೆ ಬಂದರೆ ಒಂದು ಕಲ್ಲನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಕೆಂಪಗಿರುತ್ತದೆ, ಮೈತುಂಬ ತೂತು. ಅವರು ಅದನ್ನು ಮುರಕಲ್ಲು ಅಂತಾರೆ, ಪುಸ್ತಕಗಳಲ್ಲಿ ಜಂಬಿಟ್ಟಿಗೆ. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಳಲ್ಲಿ ಇದೇ ಕಲ್ಲು ಕೊರೆದು ಸುರಂಗ ಮಾಡಿ, ತೋಟಕ್ಕೆ ನೀರು ತರುತ್ತಾರೆ. ಬೀದರಿಗೆ ಅಂಟಿಕೊಂಡ ನೌಬಾದಿನಲ್ಲಿರುವುದು ಇನ್ನೂ ದೊಡ್ಡ ಕೆಲಸ. ಸುಮಾರು 3 ಕಿಲೋಮೀಟರ್ ಉದ್ದದ ಕಾಲುವೆ, ಅದೂ ನೆಲದಡಿ. ಜನ ಇದನ್ನು ಸುರಂಗ ಬಾವಿ ಎನ್ನುತ್ತಾರೆ, ಇತಿಹಾಸ ಬಲ್ಲವರು ಕರೇಜ್ ಎನ್ನುತ್ತಾರೆ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಊರು ಎತ್ತರದಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 2,200 ಅಡಿ. ಮಾಂಜ್ರಾ ನದಿ ಕೆಳಗೆಲ್ಲೋ ಉಳಿಯಿತು. ನೀರಿಗೆ ಏನು ಮಾಡಬೇಕು? ಆಗ ಇರಾನಿನಿಂದ ಬಹಳ ಜನ ಬೀದರಿಗೆ ಬರುತ್ತಿದ್ದರು. ಅವರ ಊರಲ್ಲಿ ಇಂಥ ಕಾಲುವೆಗೆ ಕನಾತ್ ಎಂಬ ಹೆಸರು, ಸಾವಿರಾರು ವರ್ಷದ ರೂಢಿ. ಆ ವಿದ್ಯೆ ನಮ್ಮ ಕೆಂಪು ಕಲ್ಲಿಗೆ ಬಹಳ ಚೆನ್ನಾಗಿ ಒಗ್ಗಿತು.

ಯಾಕೆ ಒಗ್ಗಿತು ಅಂತ ತಿಳಿಯಲು ಒಂದು ಚೆಂಬು ನೀರು ಸಾಕು. ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಧಾನಕ್ಕೆ ಸುರಿಯಿರಿ. ನೀರು ಹರಿದು ಹೋಗುವುದಕ್ಕಿಂತ ಒಳಗೆ ಇಳಿಯುವುದೇ ಜಾಸ್ತಿ. ಬೀದರಿನ ಮಳೆಯೂ ಹಾಗೇ ಇಳಿಯುತ್ತದೆ. ಕೆಳಗೆ ಜೇಡಿ, ಅದರಡಿ ಗಟ್ಟಿ ಕರಿಕಲ್ಲು. ಅಲ್ಲಿ ನೀರಿಗೆ ಇನ್ನು ಕೆಳಗಿಳಿಯಲು ದಾರಿ ಸಿಗದೆ ಅಡ್ಡಕ್ಕೆ ಸರಿಯುತ್ತದೆ. ಗುಡ್ಡದ ಅಂಚು ಸಿಕ್ಕಲ್ಲಿ ಝರಿಯಾಗುತ್ತದೆ. ಬೀದರಿನ ನರಸಿಂಹ ಝರಣಿ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆದು ದೇವರ ದರ್ಶನ ಮಾಡಿದವರು ಮುಟ್ಟಿದ್ದು ಇಂಥದ್ದೇ ನೀರನ್ನು. ಕರೇಜ್ ಮಾಡುವುದಿಷ್ಟೇ: ಅಂಚಿನ ತನಕ ಕಾಯದೆ, ನೀರಿರುವ ಪದರಕ್ಕೆ ತಾನೇ ಹೋಗಿ ದಾರಿ ಕೊಡುತ್ತದೆ.

ಈ ಕಲ್ಲಿಗೆ ಇನ್ನೊಂದು ಗುಣವಿದೆ. ನೆಲದೊಳಗೆ ಮೆತ್ತಗಿರುತ್ತದೆ, ಗುದ್ದಲಿಗೆ ಬಗ್ಗುತ್ತದೆ. ಗಾಳಿ ತಾಗಿದ ಮೇಲೆ ಅದರಲ್ಲಿರುವ ಕಬ್ಬಿಣದ ಅಂಶದಿಂದ ಗಟ್ಟಿಯಾಗುತ್ತದೆ.

ಇಳಿಜಾರು ಮಾತ್ರ ಸೂಕ್ಷ್ಮದ ಕೆಲಸ. ಜಾಸ್ತಿಯಾದರೆ ನೀರು ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಸಾವಿರ ಅಡಿಗೆ ಒಂದೆರಡು ಅಡಿ ಇಳಿದರೆ ಸಾಕು. ಕತ್ತಲಲ್ಲಿ ನೇರಕ್ಕೆ ತೋಡುವುದು ಹೇಗೆ? ಇರಾನಿನ ಕನಾತ್ ಕೆಲಸಗಾರರು ತಮ್ಮ ಬೆನ್ನ ಹಿಂದೆ ಎರಡು ದೀಪ ಇಡುತ್ತಿದ್ದರು. ತಿರುಗಿ ನೋಡಿದಾಗ ಒಂದು ದೀಪ ಇನ್ನೊಂದನ್ನು ಮರೆಮಾಡಿದರೆ ದಾರಿ ನೇರ ಇದೆ ಅಂತ. ದೀಪ ಮಂಕಾದರೆ ಗಾಳಿ ಕೆಟ್ಟಿದೆ, ಮೇಲೆ ಹತ್ತಬೇಕು. ಗಾಳಿಗೆ, ಮಣ್ಣು ಎತ್ತಲಿಕ್ಕೆ, ಮುಂದೆ ನೀರು ಸೇದಲಿಕ್ಕೂ ಅಂತ ನೌಬಾದಿನಲ್ಲಿ ಸಾಲಾಗಿ 21 ಬಾವಿಗಳನ್ನು ಇಳಿಸಿದ್ದಾರೆ.

ಮೋಟಾರಿಲ್ಲ, ಕರೆಂಟಿಲ್ಲ. ಹರಿದು ಬಂದಷ್ಟೇ ನೀರು. ಬೋರ್‌ವೆಲ್ ಹಾಗಲ್ಲ. ಅದು ಇನ್ನೂ ಆಳಕ್ಕಿಳಿದು ಎಳೆಯುತ್ತದೆ. ನೀರಿನ ಮಟ್ಟ ಸುರಂಗದ ತಳಕ್ಕಿಂತ ಕೆಳಗೆ ಹೋದ ದಿನ ಕಾಲುವೆ ಒಣಗುತ್ತದೆ. ಮೇಲಿನ ನೆಲಕ್ಕೆಲ್ಲ ಕಾಂಕ್ರೀಟ್ ಹಾಕಿದರೂ ಅಷ್ಟೇ, ಮಳೆ ಇಳಿಯುವುದೆಲ್ಲಿಂದ? ಇದು ನನಗೆ ನಿಜಕ್ಕೂ ಸಂಕಟದ ವಿಷಯ. 2015ರ ಆಸುಪಾಸಿನಲ್ಲಿ ಇಲ್ಲಿ ಹೂಳು ತೆಗೆಸಿದರು, ಆರುನೂರು ವರ್ಷ ಹತ್ತಿರವಾದ ಸುರಂಗ ಮತ್ತೆ ಬಾಯಿ ಬಿಟ್ಟಿತು.

ಮಳೆಗಾಲ ಮುಗಿದ ಮೇಲೊಮ್ಮೆ ಹೋಗಿದ್ದೆ. ಬಾವಿಯೊಂದರ ಕಟ್ಟೆಗೆ ಬಗ್ಗಿ ನೋಡಿದರೆ ಬರೀ ಕತ್ತಲು. ಜೊತೆಗಿದ್ದ ಹುಡುಗ ಸಣ್ಣ ಕಲ್ಲೊಂದನ್ನು ಬಿಟ್ಟ. ಇಬ್ಬರೂ ಉಸಿರು ಬಿಗಿಹಿಡಿದು ಕಿವಿಗೊಟ್ಟೆವು. ಡುಬುಕ್ ಅಂತು. "ನೀರದ!" ಅಂದ ಅವನು.