ಅಸಾಕುಸಾಗೆ ಸಾಂಬಾ ತಂದವರು ಯಾರು?

ಟೋಕಿಯೋದ ಅಸಾಕುಸಾ ಅಂದ ಕೂಡಲೇ ನೆನಪಿಗೆ ಬರುವುದು ಸೆನ್ಸೋಜಿ ದೇವಸ್ಥಾನ, ಅದರ ಕಾಮಿನಾರಿಮೋನ್ ಬಾಗಿಲಲ್ಲಿ ತೂಗುವ ದೊಡ್ಡ ಕೆಂಪು ಲಾಂದ್ರ. ಆ ಬಾಗಿಲ ಮುಂದಿನ ರಸ್ತೆಯಲ್ಲೇ ವರ್ಷಕ್ಕೊಂದು ದಿನ ಗರಿಗಳ ಕಿರೀಟ, ಮಿಣಮಿಣ ಬಟ್ಟೆ ತೊಟ್ಟವರು ಬ್ರೆಜಿಲ್‌ನ ಸಾಂಬಾ ನೃತ್ಯ ಕುಣಿಯುತ್ತಾ ಹೋಗುತ್ತಾರೆ. ನೋಡಲು ಲಕ್ಷಗಟ್ಟಲೆ ಜನ.

ಜಪಾನಿನಲ್ಲಿ ಬ್ರೆಜಿಲ್‌ನವರು ಜಾಸ್ತಿ ಇದ್ದಾರೆ, ಅವರೇ ತಂದಿರಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಇಸವಿ ತಾಳೆಯಾಗುವುದಿಲ್ಲ. ಮೊದಲು ವಲಸೆ ಹೋದವರು ಜಪಾನೀಯರೇ. 1908ರಲ್ಲಿ ಕಾಸಾಟೋ ಮಾರು ಹಡಗು ಅವರನ್ನು ಕೋಬೆಯಿಂದ ಬ್ರೆಜಿಲ್‌ನ ಸಾಂಟೋಸ್ ಬಂದರಿಗೆ ತಲುಪಿಸಿತು, ಅಲ್ಲಿಂದ ಸಾವೊ ಪಾಲೊ ಸುತ್ತಲಿನ ಕಾಫಿ ತೋಟಗಳಿಗೆ. ಅವರ ಮಕ್ಕಳು, ಮೊಮ್ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಜಪಾನಿಗೆ ದುಡಿಯಲು ಬಂದದ್ದು 1990ರಲ್ಲಿ ವಲಸೆ ಕಾನೂನು ಬದಲಾದ ಮೇಲೆ. ಅಸಾಕುಸಾದ ಈ ಸಾಂಬಾ ಮೆರವಣಿಗೆ, ಅಂದರೆ ಕಾರ್ನಿವಲ್, ಶುರುವಾದದ್ದು 1981ರಲ್ಲಿ!

ಅಸಲು ಕತೆ ವ್ಯಾಪಾರದ್ದು. ಒಂದು ಕಾಲಕ್ಕೆ ಟೋಕಿಯೋದ ಮಂದಿ ಮಜಾ ಮಾಡಲು ಹೋಗುತ್ತಿದ್ದದ್ದೇ ಅಸಾಕುಸಾಗೆ. ಜಪಾನಿನ ಮೊದಲ ಖಾಯಂ ಚಿತ್ರಮಂದಿರ 1903ರಲ್ಲಿ ಶುರುವಾದದ್ದು ಅಲ್ಲೇ. 1923ರ ಭೂಕಂಪ, 1945ರ ಬಾಂಬ್ ದಾಳಿ ಎರಡನ್ನೂ ತಡೆದುಕೊಂಡು ಮತ್ತೆ ಎದ್ದ ಊರು ಅದು. ಆದರೆ ಮನೆಮನೆಗೆ ಟಿವಿ ಬಂದು, ಹುಡುಗ ಹುಡುಗಿಯರೆಲ್ಲ ಶಿಂಜುಕು, ಶಿಬುಯಾ ಕಡೆ ಹೊರಟ ಮೇಲೆ ಸೋತು ಸುಣ್ಣವಾಯಿತು. ಥಿಯೇಟರುಗಳು ಒಂದೊಂದಾಗಿ ಮುಚ್ಚಿದವು. ಆಗ ಅಲ್ಲಿನ ತೈತೋ ವಾರ್ಡಿನ ಮೇಯರ್ ಉಚಿಯಾಮಾ ಎಯಿಚಿ ಮತ್ತು ಹಾಸ್ಯನಟ ಬಾನ್ ಜುಂಜಾಬುರೋ ಸೇರಿ ಹುಡುಕಿದ ಉಪಾಯ ಇದು: ಬ್ರೆಜಿಲ್‌ನ ರಿಯೋ ನಗರದ ಥರದ ಮೆರವಣಿಗೆ ಮಾಡೋಣ, ಜನ ಬರುತ್ತಾರೆ. ಅಲ್ಲಿ ಮೇ ತಿಂಗಳ ಸಾಂಜಾ ಹಬ್ಬದಲ್ಲಿ ಪಲ್ಲಕ್ಕಿ ಹೊತ್ತು ಬೀದಿ ತುಂಬುವ ರೂಢಿ ಮೊದಲೇ ಇತ್ತು. ಹಾಗಾಗಿ ಡೋಲು, ಗದ್ದಲ, ಬೆವರು ಯಾವುದೂ ಅವರಿಗೆ ಹೊಸದಲ್ಲ.

ನನಗೆ ಇಷ್ಟವಾಗುವುದು ಅವರು ಅದನ್ನು ತೆಗೆದುಕೊಂಡ ರೀತಿ. ಸುಮ್ನೆ ಕುಣಿದು ಹೋಗುವುದಲ್ಲ, ಸ್ಪರ್ಧೆ. ತಂಡಗಳಿಗೆ ಎರಡು ದರ್ಜೆಯ ಲೀಗ್. ಪ್ರತಿ ತಂಡ ಒಂದು ಕಥಾವಸ್ತು ಆರಿಸಿ, ಅದಕ್ಕೆ ತಕ್ಕ ಹಾಡು, ವೇಷ, ತೇರಿನಂಥ ಅಲಂಕಾರದ ಗಾಡಿ ಎಲ್ಲ ಸಿದ್ಧ ಮಾಡಬೇಕು. ಬಾವುಟ ಹಿಡಿದು ಸುತ್ತುವ ಹೆಂಗಸು, ಅವಳ ಜೊತೆಗಾರ, ಬಾಯಾನಾ ಎಂಬ ಅಗಲ ಲಂಗದ ಕುಣಿತಗಾರ್ತಿಯರು, ಸುರ್ದು, ತಾಂಬೊರಿಂ ಎಂಬ ಡೋಲುಗಳನ್ನು ಬಾರಿಸುವ ಬಟೇರಿಯಾ ಎಂಬ ವಾದ್ಯದವರು, ಇವೆಲ್ಲ ರಿಯೋದ ಪದ್ಧತಿಯಂತೆಯೇ. ಕುಣಿಯುವವರಲ್ಲಿ ಹೆಚ್ಚಿನವರು ಮಾತ್ರ ಜಪಾನೀಯರು. ಹಲವು ಸಲ ಗೆದ್ದ ಒಂದು ತಂಡದ ಹೆಸರು ನಾಕಾಮಿಸೆ ಬಾರ್ಬಾರೋಸ್; ನಾಕಾಮಿಸೆ ಅಂದರೆ ದೇವಸ್ಥಾನದ ಎದುರಿನ ಅಂಗಡಿಬೀದಿ. ಕಾರ್ನಿವಲ್ ಅಂದರೆ ಮೂಲತಃ ಕ್ರೈಸ್ತರ ಉಪವಾಸದ ಮುಂಚಿನ ಹಬ್ಬ; ಅದು ಬೌದ್ಧ ಗುಡಿಯ ಮುಂದೆ, ಬಹುಕಾಲ ಆಗಸ್ಟ್‌ನಲ್ಲಿ ನಡೆದದ್ದಕ್ಕೆ ಯಾರೂ ತಲೆ ಕೆಡಿಸಿಕೊಂಡ ಹಾಗಿಲ್ಲ.

2011ರ ಭೂಕಂಪದ ವರ್ಷ ನಡೆಯಲಿಲ್ಲ. ಕೋವಿಡ್ ಬಂದು ಮತ್ತೆ ನಿಂತಿತು, ಮೆರವಣಿಗೆ ರಸ್ತೆಗೆ ಮರಳಿದ್ದು 2023ರ ಸೆಪ್ಟೆಂಬರಿನಲ್ಲಿ.

ಇನ್ನು ನಿಜವಾದ ಬ್ರೆಜಿಲ್‌ನವರು? ಅವರು ಹೆಚ್ಚಾಗಿ ಇದ್ದದ್ದು ಕಾರ್ಖಾನೆಗಳ ಊರುಗಳಲ್ಲಿ, ಗುನ್ಮಾದ ಒಯಿಜುಮಿ, ಶಿಜುವೊಕಾದ ಹಾಮಾಮಾಟ್ಸು ಕಡೆ. 2008ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋದಾಗ ಸರ್ಕಾರ 2009ರಲ್ಲಿ ಒಬ್ಬೊಬ್ಬ ಕಾರ್ಮಿಕನಿಗೆ 3 ಲಕ್ಷ ಯೆನ್ ಕೊಟ್ಟು ವಾಪಸ್ ಹೋಗಿ ಅಂದಿತು, ಅದೇ ವೀಸಾದಲ್ಲಿ ಮತ್ತೆ ಬರಬೇಡಿ ಎಂಬ ಷರತ್ತಿನ ಮೇಲೆ. ಆ ವರ್ಷವೂ ಅಸಾಕುಸಾದಲ್ಲಿ ಸಾಂಬಾ ನಡೆಯಿತು.