ಉಣ್ಣೆ ಎಲ್ಲಿದೆ? ಸೊರಬದ ಕಾಡಿನಿಂದ ಚಳ್ಳಕೆರೆಯ ಕಾವಲಿನವರೆಗೆ

ನಮ್ಮ ಚಿತ್ರದುರ್ಗದ ಕಡೆ ಉಣ್ಣೆ ಅಂದರೆ ಎರಡು. ಒಂದು ಕುರಿಯ ಮೈಮೇಲೆ ಬೆಳೆದು ಕಂಬಳಿಯಾಗುವಂಥದ್ದು. ಇನ್ನೊಂದು ಅದೇ ಕುರಿಯ ಕಿವಿಯೊಳಗೆ ಕೂತು ರಕ್ತ ಹೀರುವಂಥದ್ದು. ಮೊದಲನೆಯದನ್ನು ತೂಕ ಹಾಕಿ ಮಾರುತ್ತೇವೆ. ಎರಡನೆಯದನ್ನು ಕಿತ್ತು, ಕೈ ಒರೆಸಿಕೊಂಡು ಮರೆತುಬಿಡುತ್ತೇವೆ.

ನಮ್ಮಜ್ಜಿ ಮಾತ್ರ ಮರೆಯುತ್ತಿರಲಿಲ್ಲ. ತೆಂಗಿನ ಕರಟದಲ್ಲಿ ಒಂದಿಷ್ಟು ಸೀಮೆಎಣ್ಣೆ ಹಾಕಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದಳು. ಹಸುವಿನ ಕಿವಿ ಮಡಚಿ, ಬಾಲದ ಬುಡ ನೋಡಿ, ಕೆಚ್ಚಲ ಸಂದಿಗೆ ಬೆರಳು ಹಾಕಿ ಒಂದೊಂದನ್ನೇ ಕಿತ್ತು ಕರಟಕ್ಕೆ ಹಾಕುವಳು. ರಕ್ತ ಕುಡಿದು ಊದಿದ ಉಣ್ಣೆ ಥೇಟ್ ಹರಳು ಬೀಜದ ಹಾಗೇ ಇರುತ್ತಿತ್ತು. 'ನೆಲಕ್ಕೆ ಬಿಸಾಕಬೇಡ್ರೋ, ಮರಿ ಮಾಡುತ್ತೆ' ಅನ್ನುತ್ತಿದ್ದಳು. ಅಜ್ಜಿಯ ಮಾತು ನಿಜ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ನೆಲಕ್ಕೆ ಉದುರಿ, ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ.

ಈ ಹುಳ ಎಲ್ಲೆಲ್ಲಿದೆ, ಯಾವ ಜಾತಿಯದು, ಅದರ ಹೊಟ್ಟೆಯಲ್ಲಿ ಏನಿದೆ ಅಂತ ಹುಡುಕುವ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ಜೋರು ಬಂದಿದ್ದು 1957ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಹಿಂದೆಯೇ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಜ್ವರ, ಮೈಕೈ ನೋವು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಊರವರು ಮಂಗನ ಕಾಯಿಲೆ ಅಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಇಲ್ಲಿಗೂ ಬಂತೇನೋ ಅನ್ನುವುದು ಅವರ ಮೊದಲ ಭಯ. ಅದಾಗಿದ್ದರೆ ಸೊಳ್ಳೆ ಹುಡುಕಬೇಕಿತ್ತು. ಆದರೆ ಸಿಕ್ಕ ವೈರಸ್ ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದು. ಹುಡುಕಾಟ ಸೊಳ್ಳೆ ಬಿಟ್ಟು ಉಣ್ಣೆಯ ಕಡೆ ತಿರುಗಿತು. ರಷ್ಯಾದಿಂದ ವಲಸೆ ಹಕ್ಕಿಗಳೇ ತಂದಿರಬಹುದಾ ಅನ್ನುವ ಅನುಮಾನವೂ ಎದ್ದು, ಪಕ್ಷಿತಜ್ಞ ಸಲೀಂ ಅಲಿ ಅವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ನೋಡಿತು. ಆ ಅನುಮಾನ ನಿಲ್ಲಲಿಲ್ಲ. ಆದರೆ ನಮ್ಮ ಹಕ್ಕಿಗಳ ವಲಸೆ ಬಗ್ಗೆ ಬೇಕಾದಷ್ಟು ತಿಳಿಯಿತು!

ಉಣ್ಣೆ ಹುಡುಕುವ ಸಾಧನ ಕೇಳಿದರೆ ನಗು ಬರುತ್ತದೆ. ಒಂದು ಬಿಳಿ ಬಟ್ಟೆ, ಅದಕ್ಕೊಂದು ಕೋಲು. ಬಟ್ಟೆಯನ್ನು ತರಗೆಲೆ ಮೇಲೆ, ಗಿಡಗಂಟಿಗಳ ಮೇಲೆ ನಿಧಾನವಾಗಿ ಎಳೆಯುತ್ತಾ ಹೋಗಬೇಕು. ಎಲೆ ತುದಿಯಲ್ಲಿ ಮುಂಗಾಲು ಚಾಚಿಕೊಂಡು ಕಾಯುತ್ತಿರುವ ಉಣ್ಣೆ, ಯಾವುದೋ ಪ್ರಾಣಿ ಬಂತು ಅಂದುಕೊಂಡು ಬಟ್ಟೆಗೆ ಹತ್ತಿಕೊಳ್ಳುತ್ತದೆ. ನಿಂತು, ಬಟ್ಟೆ ಮಗುಚಿ, ಎಳ್ಳಿಗಿಂತ ಚಿಕ್ಕ ಚುಕ್ಕೆಗಳನ್ನು ಚಿಮಟದಲ್ಲಿ ಎತ್ತಿ ಸೀಸೆಗೆ ಹಾಕಬೇಕು. ಆಮೇಲೆ ಜಾತಿವಾರು ವಿಂಗಡಿಸಿ, ಅರೆದು, ವೈರಸ್ ಇದೆಯಾ ಅಂತ ಲ್ಯಾಬಿನಲ್ಲಿ ನೋಡುವುದು. ಇವತ್ತಿಗೂ ಕಾಡಿನಲ್ಲಿ ಮಾಡುವ ಕೆಲಸ ಇದೇ. ಬದಲಾಗಿದ್ದು ಲ್ಯಾಬ್ ಮಾತ್ರ.

ಹೀಗೆ ಸಿಕ್ಕ ಮುಖ್ಯ ಆರೋಪಿಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಅದು ಬದುಕಿನಲ್ಲಿ ಮೂರು ಸಲ ಮನೆ ಬದಲಿಸುತ್ತದೆ. ಮರಿಯಾಗಿದ್ದಾಗ ಇಲಿ, ಹಕ್ಕಿಯಂಥ ಸಣ್ಣ ಜೀವಿಗಳ ಮೇಲೆ. ಸ್ವಲ್ಪ ಬೆಳೆದ ಮೇಲೆ ಮಂಗ, ಮನುಷ್ಯ, ಸಿಕ್ಕಿದವರ ಮೇಲೆ. ದೊಡ್ಡದಾದ ಮೇಲೆ ದನದ ಮೇಲೆ. ನಡುವಿನ ಆ ಹರೆಯದ ಉಣ್ಣೆಯೇ ನಮಗೆ ಕಂಟಕ. ಮಳೆಗಾಲ ಮುಗಿದ ಮೇಲೆ ಶುರುವಾಗಿ ಬೇಸಿಗೆವರೆಗೂ ಅದರ ಕಾಲ. ಅಡಿಕೆ ಕೊಯ್ಲು, ಸೌದೆ, ತರಗೆಲೆ ಅಂತ ಜನ ಕಾಡು-ತೋಟದಲ್ಲಿ ಓಡಾಡುವುದೂ ಆಗಲೇ ಅಲ್ವಾ?

ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆಗಳು ಕೆಳಗಿಳಿದು ಅಲ್ಲೇ ಸುತ್ತಮುತ್ತ ಉಳಿಯುತ್ತವೆ. ಹಾಗಾಗಿಯೇ ಸತ್ತ ಮಂಗದ ಸುತ್ತ 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುವ ಪದ್ಧತಿ ಬಂತು. ನಕ್ಷೆ ಹುಟ್ಟಿದ್ದೂ ಹೀಗೇ. ಮಂಗ ಸತ್ತ ಕಡೆ ಒಂದು ಚುಕ್ಕೆ, ಮನುಷ್ಯ ಕಾಯಿಲೆ ಬಿದ್ದ ಕಡೆ ಒಂದು ಚುಕ್ಕೆ. ನನಗೆ ತಕರಾರು ಇರುವುದೂ ಇಲ್ಲೇ. ಅದು ಉಣ್ಣೆ ಇರುವ ಜಾಗದ ನಕ್ಷೆ ಅಲ್ಲ, ನಾವು ಹೋಗಿ ನೋಡಿದ ಜಾಗದ ನಕ್ಷೆ.

ಚುಕ್ಕೆಗಳು ಸೊರಬ, ಸಾಗರ, ಶಿಕಾರಿಪುರದಲ್ಲೇ ಎಷ್ಟೋ ವರ್ಷ ನಿಂತಿದ್ದವು. 1969ರಲ್ಲಿ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ಒಂದು ವಾದ ಮುಂದಿಟ್ಟರು. ಕಾಡು ಕಡಿದು, ಉಳಿದ ಕಾಡಿಗೆ ದನ ಬಿಟ್ಟಿದ್ದರಿಂದ ಉಣ್ಣೆ ಹೆಚ್ಚಿತು, ಒಳಗೇ ಇದ್ದ ವೈರಸ್ ಊರಂಚಿಗೆ ಬಂತು ಅಂತ. 1982-83ರಲ್ಲಿ ಬೆಳ್ತಂಗಡಿಯ ಕಡೆ ಗೇರು ತೋಟಕ್ಕೆಂದು ಕಾಡು ಸವರಿದಲ್ಲಿ ಕಾಯಿಲೆ ಎದ್ದು ಹಲವರು ಸತ್ತರು. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗ. 2018ರ ಕೊನೆಗೆ ಸಾಗರದ ಅರಳಗೋಡು. ಮಲೆನಾಡಿನವರಿಗೆ ಕೊಡುತ್ತಿದ್ದ ಲಸಿಕೆ ಹೆಚ್ಚು ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು.

ಈಚಿನ ನಕ್ಷೆಗಳು ಬೇರೆ ಥರ. ಉಪಗ್ರಹದಿಂದ ಕಾಡಿನ ಜಾತಿ, ಜನಗಣತಿ ಥರದ ಜಾನುವಾರು ಗಣತಿ, ಹಳೇ ಕೇಸುಗಳು, ಎಲ್ಲ ಸೇರಿಸಿ ಕಂಪ್ಯೂಟರ್ ಬಳಿ ಲೆಕ್ಕ ಹಾಕಿಸುತ್ತಾರೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಸೇರಿದಂತೆ ಹಲವು ಸಂಸ್ಥೆಗಳು ಜೊತೆಗೂಡಿ 2020ರಲ್ಲಿ ಪ್ರಕಟಿಸಿದ ಇಂಥ ಅಧ್ಯಯನದ ಪ್ರಕಾರ ಹಸಿ ಕಾಡು, ತೋಟ ಎರಡೂ ಬೆರೆತಿರುವ, ನಾಟಿ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು. ಒಣ ಎಲೆಯುದುರುವ ಕಾಡು ಜಾಸ್ತಿ ಇದ್ದಲ್ಲಿ ಕಡಿಮೆ.

ಅಲ್ಲಿಗೆ ಚಿತ್ರದುರ್ಗ ಬಚಾವ್. ದಾವಣಗೆರೆ ವಿಷಯದಲ್ಲಿ ಅಷ್ಟು ಸಲೀಸಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೊನ್ನಾಳಿ, ಚನ್ನಗಿರಿ 1997ರವರೆಗೂ ಶಿವಮೊಗ್ಗ ಜಿಲ್ಲೆಯವೇ. ಹೊಸ ಜಿಲ್ಲೆಯಾದಾಗ ಕಡತಗಳು ಈ ಕಡೆ ಬಂದವು, ಕಾಡಂಚು ಅಲ್ಲೇ ಉಳಿಯಿತು. ನ್ಯಾಮತಿಯ ಆಚೆ ಶಿಕಾರಿಪುರ. ಉಣ್ಣೆಗೆ ಜಿಲ್ಲಾ ಗಡಿಯ ಬೋರ್ಡು ಓದಲು ಬರುವುದಿಲ್ಲ. ಚನ್ನಗಿರಿ ಕಡೆ ಅಡಿಕೆ ತೋಟ ಬೇರೆ ವರ್ಷವರ್ಷ ಹಬ್ಬುತ್ತಿದೆ.

ಚಿತ್ರದುರ್ಗದ ಕಥೆಯೇ ಬೇರೆ. ಇಲ್ಲಿನ ಒಣ ನೆಲಕ್ಕೆ ಒಗ್ಗುವುದು ಹಯಲೊಮ್ಮಾ ಎಂಬ ಇನ್ನೊಂದು ಬಳಗ. ಉದ್ದ ಕಾಲು, ಕಾಲಿನಲ್ಲಿ ಪಟ್ಟೆ. ಮಿಶ್ರತಳಿ ಹಸು ಸಾಕಿದವರಿಗೆ ಥೈಲೇರಿಯಾ ಅಂದರೆ ಎದೆ ಧಸಕ್ ಅನ್ನುತ್ತದಲ್ಲ, ವಿಪರೀತ ಜ್ವರ ಬಂದು ಗಡ್ಡೆ ಊದಿ ಹಸು ಮೇವು ಬಿಡುತ್ತದಲ್ಲ, ಅದನ್ನು ಹರಡುವುದು ಇದೇ. 2011ರಲ್ಲಿ ಗುಜರಾತಿನಲ್ಲಿ ದೇಶಕ್ಕೇ ಮೊದಲ ಸಲ ಮನುಷ್ಯರಿಗೆ ಬರುವ ಕ್ರಿಮಿಯನ್-ಕಾಂಗೋ ಎಂಬ ವೈರಸ್ ಜ್ವರ ಕಾಣಿಸಿಕೊಂಡಾಗ ಅದರ ಹಿಂದೆಯೂ ಈ ಬಳಗದ ಉಣ್ಣೆಯೇ ಇತ್ತು. ದನ, ಕುರಿ ಈ ವೈರಸ್ ಹೊತ್ತಿದ್ದರೂ ಕಾಯಿಲೆ ಬಿದ್ದಂತೆ ಕಾಣುವುದಿಲ್ಲ. ಹಾಗಾಗಿ ಸತ್ತ ಮಂಗದ ಹಾಗೆ ಮುಂಚೆಯೇ ಸುಳಿವು ಕೊಡುವವರು ಇಲ್ಲಿಲ್ಲ.

ಇಲ್ಲಿ ಬಿಳಿ ಬಟ್ಟೆಯ ಆಟವೂ ಅಷ್ಟಾಗಿ ನಡೆಯುವುದಿಲ್ಲ. ಈ ಬಳಗದ ದೊಡ್ಡ ಉಣ್ಣೆ ಹುಲ್ಲಿನ ತುದಿಯಲ್ಲಿ ಕಾಯುತ್ತಾ ಕೂರುವ ಪೈಕಿ ಅಲ್ಲ. ನೆಲದಲ್ಲಿ, ಕಲ್ಲಿನ ಸಂದಿಯಲ್ಲಿ ಅಡಗಿದ್ದು, ಪ್ರಾಣಿಯ ಸುಳಿವು ಸಿಕ್ಕಿದರೆ ತಾನೇ ಓಡಿ ಬರುತ್ತದೆ. ಕೆಲವು ಜಾತಿಯವು ಕೊಟ್ಟಿಗೆ ಗೋಡೆಯ ಬಿರುಕಿನಲ್ಲೇ ಸಂಸಾರ ಹೂಡುತ್ತವೆ. ಬಟ್ಟೆ ಎಳೆದುಕೊಂಡು ಹೋದವರು 'ಇಲ್ಲಿ ಉಣ್ಣೆ ಇಲ್ಲ' ಅಂತ ಬರೆದುಕೊಂಡು ಹೋಗಬಹುದು, ಬೆನ್ನ ಹಿಂದಿನ ಗೋಡೆಯಲ್ಲಿ ನೂರಿರಬಹುದು. ಈ ಸೀಮೆಯಲ್ಲಿ ಕುರಿ ಕಿವಿ, ಗೋಡೆ ಬಿರುಕು ನೋಡಿಯೇ ನಕ್ಷೆ ಬರೆಯಬೇಕು.

ಹೋದ ಬೇಸಿಗೆಯಲ್ಲಿ ಚಳ್ಳಕೆರೆ ದಾರಿಯಲ್ಲಿ ಕುರಿ ಮಂದೆ ಅಡ್ಡ ಬಂತು. ಭದ್ರಾ ನೀರಿನ ಗದ್ದೆಗಳಲ್ಲಿ ಮಂದೆ ನಿಲ್ಲಿಸಿ ವಾಪಸ್ ಹೊರಟವರು. ಉಣ್ಣೆ ಎಲ್ಲಿ ಜಾಸ್ತಿ ಅಂತ ಸುಮ್ನೆ ಕೇಳಿದೆ. ಕೋಲು ಊರಿಕೊಂಡು ನಿಂತ ಹಿರಿಯರು ಒಂದೊಂದೇ ಹೇಳಿದರು. ಆ ಹಳ್ಳದ ಜಾಲಿ ಗುಂಪಿನಲ್ಲಿ ಮಧ್ಯಾಹ್ನ ತಂಗಬಾರದು. ಈ ಬಾರೆಯಲ್ಲಿ ಮಳೆ ಬಿದ್ದ ಎರಡು ವಾರ ಕುರಿ ಬಿಡಬಾರದು. ಅಗೋ ಆ ಹುಲ್ಲುಗಾವಲಿನ ಕಾವಲಿನಲ್ಲಿ ದನ ತಿರುಗುತ್ತಿದ್ದಾಗ ವಿಪರೀತ, ಸುತ್ತ ಬೇಲಿ ಹಾಕಿದ ಮೇಲೆ ಗೊತ್ತಿಲ್ಲ. ನಾನು ಫೋನಿನ ಮ್ಯಾಪಿನಲ್ಲಿ ಅವರು ಹೇಳಿದ ಜಾಗ ಹುಡುಕಿದೆ. ಹಳ್ಳಕ್ಕೂ ಹೆಸರಿಲ್ಲ, ಬಾರೆಗೂ ಹೆಸರಿಲ್ಲ. ಕೈಯಲ್ಲಿದ್ದ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.