ಹೊಗೆ ಗಾಡಿ ಹೋದ ಮೇಲೂ ಸೊಳ್ಳೆ: ಡ್ರಮ್ಮು, ಚರಂಡಿ, ಖಾಲಿ ಸೈಟಿನ ಹಿನ್ನೆಲೆ

ಶಿವರಾತ್ರಿ ಹತ್ತಿರವಾದಂತೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಬಡಾವಣೆಗಳಲ್ಲಿ ಸಂಜೆ ಆರಕ್ಕೆಲ್ಲ ಕಿಟಕಿ ಬಾಗಿಲು ಮುಚ್ಚುತ್ತವೆ. ದೂರು ಸೊಳ್ಳೆಯದ್ದು, ಬೇಡಿಕೆ ಹೊಗೆ ಗಾಡಿಯದ್ದು. ಜೂನ್ ಕಳೆದು ಡೆಂಗಿ ಸುದ್ದಿ ಶುರುವಾದಾಗಲೂ ಅದೇ ದೂರು, ಅದೇ ಗಾಡಿ. ಆದರೆ ಮಾರ್ಚಿಯಲ್ಲಿ ರಾತ್ರಿ ನಿದ್ದೆ ಕೆಡಿಸುವ ಸೊಳ್ಳೆ ಬೇರೆ, ಜುಲೈನಲ್ಲಿ ಜ್ವರ ತರುವುದು ಬೇರೆ. ಮೊದಲನೆಯದು ಕ್ಯೂಲೆಕ್ಸ್, ಚರಂಡಿಯ ಕೊಳೆ ನೀರಿನಲ್ಲಿ ಹುಟ್ಟುತ್ತದೆ. ಎರಡನೆಯದು ಈಡಿಸ್, ಮನೆಯೊಳಗೆ ಕೂಡಿಟ್ಟ ಶುದ್ಧ ನೀರಿನಲ್ಲಿ ಹುಟ್ಟುತ್ತದೆ. ಈಡಿಸ್ ಹಗಲು ಕಚ್ಚಿದರೆ ಕ್ಯೂಲೆಕ್ಸ್ ರಾತ್ರಿ ಕಚ್ಚುತ್ತದೆ. ಇವೆರಡನ್ನೂ ಒಂದೇ ಹೊಗೆಯಲ್ಲಿ ಮುಗಿಸುತ್ತೇವೆ ಎಂದು ಹೊರಟದ್ದರಿಂದಲೇ ವಿಷಯ ಇಷ್ಟು ಗೋಜಲಾಗಿರುವುದು.

ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದು ಹೊಸ ಮಾತಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ವೈದ್ಯಾಧಿಕಾರಿ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳ ಆಡುವುದನ್ನು ಕಂಡು ಅದನ್ನು ಬುಡಮೇಲು ಮಾಡಿದ. ಸೊಳ್ಳೆ ಇಳಿಯಿತು. ಉಳಿದ ತೊಟ್ಟಿಗಳನ್ನೂ ಹೀಗೇ ಮಾಡೋಣವೆಂದರೆ ಮೇಲಿನವರು ಒಪ್ಪಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಆತ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ.

ಆಮೇಲಿನ ಅರ್ಧ ಶತಮಾನ ಸೊಳ್ಳೆ ಎಂದರೆ ಮಲೇರಿಯಾ, ಮಲೇರಿಯಾ ಎಂದರೆ ಸರ್ಕಾರದ ಕೆಲಸ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನಾ ಕಾರ್ಯಕ್ರಮ ಬಂದವು. ಸಿಬ್ಬಂದಿ ಮನೆಗೆ ಬಂದು ಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. 1961ರಲ್ಲಿ ದೇಶದ ಮಲೇರಿಯಾ ಪ್ರಕರಣಗಳು 50 ಸಾವಿರದ ಆಸುಪಾಸಿಗೆ ಇಳಿದವು. 1976ರಲ್ಲಿ 64 ಲಕ್ಷ ದಾಟಿದವು. ಆ ದಶಕದ ಕೊನೆಗೆ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ (ಈಗಿನ ಕೋಲಾರ, ಚಿಕ್ಕಬಳ್ಳಾಪುರ) ಮಿದುಳು ಜ್ವರ ಕಾಣಿಸಿಕೊಂಡಿತು. ಅದನ್ನು ಹರಡುವುದು ಗದ್ದೆ ನೀರಿನ ಸೊಳ್ಳೆ, ವೈರಸ್ಸು ಬೆಳೆಯುವುದು ಹಂದಿಯ ಮೈಯಲ್ಲಿ. ಊರೊಳಗಿನ ಹಂದಿ ಹಿಡಿಸಿ ಎಂಬ ಅರ್ಜಿ ಇವತ್ತಿಗೂ ಸೊಳ್ಳೆ ಅರ್ಜಿಯ ಜೊತೆಯಲ್ಲೇ ಬರುತ್ತದೆ.

ಗೋಡೆಗೆ ಔಷಧಿ ಹೊಡೆಯುವ ಪದ್ಧತಿಗೆ ಈ ಸೀಮೆಯಲ್ಲಿ ಇನ್ನೊಂದು ತೊಡಕಿತ್ತು: ರೇಷ್ಮೆ. ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ ನಿಲ್ಲಿಸಿದ ಮನೆಗೆ ಕೀಟನಾಶಕ ಹೊಡೆದರೆ ಹುಳು ಉಳಿಯುವುದಿಲ್ಲ. ಹೀಗಾಗಿ 1990ರ ದಶಕದಲ್ಲಿ ಬಂಗಾರಪೇಟೆ ಕಡೆಯ ಕಾಮಸಮುದ್ರ ಸುತ್ತಲಿನ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧಕರು ಔಷಧಿಯ ಬದಲು ಬಾವಿಗೆ ಗಪ್ಪಿ ಮೀನು ಬಿಟ್ಟರು. ಬಾವಿಯ ಸೊಳ್ಳೆಮರಿಗಳನ್ನು ಮೀನು ತಿಂದವು, ಮಲೇರಿಯಾ ಇಳಿಯಿತು. ರೇಷ್ಮೆಗೂ ತೊಂದರೆಯಾಗಲಿಲ್ಲ. ದೊಡ್ಡ ಖರ್ಚಿಲ್ಲದ, ಈ ನೆಲಕ್ಕೆ ಒಪ್ಪುವ ಉಪಾಯ ಅದು. ಆದರೆ ಅದು ನಿಂತಿದ್ದುದು ತೆರೆದ ಬಾವಿಯಲ್ಲಿ ನೀರಿರುವುದರ ಮೇಲೆ. ಬಾವಿಗಳೇ ಒಣಗಿದವು.

ಈಗಿನ ಕಥೆ ಶುರುವಾಗುವುದು ಅಲ್ಲಿಂದ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಜಿಲ್ಲೆಗಳಿವು. ಕೊಳವೆಬಾವಿ ಸಾವಿರ ಅಡಿ ದಾಟಿತು, ಕೆಲವೆಡೆ ಸಾವಿರದೈನೂರು. ನಲ್ಲಿಗೆ ನೀರು ಬಿಡುವುದು ಎರಡು ದಿನಕ್ಕೊಮ್ಮೆ ಇದ್ದದ್ದು ನಾಲ್ಕಕ್ಕೆ ಹೋಯಿತು, ಬೇಸಿಗೆಯಲ್ಲಿ ವಾರಕ್ಕೆ ಹೋಯಿತು. ನೀರು ಬಂದ ದಿನ ಮನೆಯಲ್ಲಿರುವ ಪಾತ್ರೆಗಳೆಲ್ಲ ತುಂಬಲೇಬೇಕು. ಸಂಪು, ಸಿಂಟೆಕ್ಸು, ಬಚ್ಚಲ ತೊಟ್ಟಿ, ಅದೂ ಸಾಲದೆ ಮನೆ ಮುಂದೆ ಇನ್ನೂರು ಲೀಟರಿನ ನೀಲಿ ಡ್ರಮ್ಮು. ಈಡಿಸ್ ಮೊಟ್ಟೆಯಿಟ್ಟು ಸೊಳ್ಳೆಯಾಗಿ ಹಾರಲು ಬೇಕಾದ್ದು ಏಳರಿಂದ ಹತ್ತು ದಿನ. ನೀರಿನ ಸರದಿಯೂ ಹೆಚ್ಚುಕಡಿಮೆ ಅಷ್ಟೇ.

ಡ್ರಮ್ಮಿನೊಳಗೆ ಒಮ್ಮೆ ಟಾರ್ಚು ಬಿಟ್ಟು ನೋಡಿದರೆ ಅರ್ಥವಾಗುತ್ತದೆ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒಳಗೋಡೆಯ ತೇವದ ಪಟ್ಟಿಯಲ್ಲಿ ಕಪ್ಪು ಪುಡಿಯಂಥ ಚುಕ್ಕೆಗಳಿರುತ್ತವೆ. ಅವೇ ಮೊಟ್ಟೆ. ಡ್ರಮ್ಮು ಖಾಲಿಯಾದರೂ ಅವು ಅಂಟಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತವೆ. ಮುಂದಿನ ಸಲ ನೀರು ತಾಗಿದ ಕೂಡಲೇ ಒಡೆಯುತ್ತವೆ. ಆದ್ದರಿಂದ ‘ವಾರಕ್ಕೊಮ್ಮೆ ಖಾಲಿ ಮಾಡಿ’ ಎಂಬ ಸಲಹೆ ಅರ್ಧ ಮಾತ್ರ ಸರಿ. ಖಾಲಿ ಮಾಡಿ, ತೆಂಗಿನ ನಾರೋ ಬ್ರಷ್ಷೋ ಹಿಡಿದು ಆ ಪಟ್ಟಿಯನ್ನು ತಿಕ್ಕಿ, ಒಂದು ಹೊತ್ತು ಬಿಸಿಲಿಗೆ ಬೋರಲು ಹಾಕಬೇಕು. ಟ್ಯಾಂಕರಿಗೆ ದುಡ್ಡು ಕೊಟ್ಟು ತುಂಬಿಸಿದ ನೀರನ್ನು ಚೆಲ್ಲಿ ಎಂದರೆ ಯಾರು ಕೇಳುತ್ತಾರೆ, ಅದು ಬೇರೆ ಮಾತು. ಚೆಲ್ಲಲಾಗದವರಿಗೆ ಉಳಿಯುವ ದಾರಿ ಬಟ್ಟೆ: ಹಳೆ ಪಂಚೆಯನ್ನು ಎರಡು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಹಾಕಿ ಸುತ್ತ ರಬ್ಬರು ಬಿಗಿಯುವುದು. ತಟ್ಟೆ ಮುಚ್ಚಿದರೆ ಸಾಲದು, ಅಂಚಿನ ಸಂದಿ ಸೊಳ್ಳೆಗೆ ಧಾರಾಳವಾಯಿತು.

ಸಂಪಿನ ಮುಚ್ಚಳದಲ್ಲೂ ಇದೇ ತಪ್ಪು. ಕಾಂಕ್ರೀಟ್ ಮುಚ್ಚಳ ಎತ್ತಲು ಬಿಟ್ಟಿರುವ ಎರಡು ತೂತು, ಮೋಟರಿನ ವೈರು ಇಳಿದಿರುವ ಸಂದಿ, ಓವರ್‌ಫ್ಲೋ ಪೈಪಿನ ತೆರೆದ ಬಾಯಿ, ಮೂರೂ ಕಡೆ ಸೊಳ್ಳೆ ಒಳಹೋಗುತ್ತದೆ. ತೂತಿಗೆ ಚಿಂದಿ ತುರುಕಿ, ಪೈಪಿನ ಬಾಯಿಗೆ ನೈಲಾನ್ ಜಾಲರಿ ಕಟ್ಟಿ ತಂತಿ ಬಿಗಿದರೆ ಮುಗಿಯಿತು. ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿಗೂ ಅದೇ ಜಾಲರಿ ಬೇಕು. ಕ್ಯೂಲೆಕ್ಸ್ ಅಲ್ಲಿ ಸಾವಿರಗಟ್ಟಲೆ ಹುಟ್ಟುತ್ತದೆ, ಮಹಡಿ ಮೇಲಿನ ಪೈಪಿನ ತುದಿಯನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ. ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರು, ತುಳಸಿ ಕುಂಡದ ಕೆಳಗಿನ ಬಟ್ಟಲು ಇವೂ ಪಟ್ಟಿಯಲ್ಲಿವೆ.

ಈ ನೀರು ಕೂಡಿಡುವ ಬಾಳಿಗೆ ಬೆಲೆ ತೆತ್ತದ್ದು 2006ರಲ್ಲಿ. ಮೂರು ದಶಕ ಕಾಣೆಯಾಗಿದ್ದ ಚಿಕೂನ್‌ಗುನ್ಯಾ 2005ರ ಕೊನೆಗೆ ಮರಳಿ, ಮರುವರ್ಷ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಾದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷ, ಕರ್ನಾಟಕದ್ದು. ಸೊಳ್ಳೆ ನಿಯಂತ್ರಣದ ಭಾಷೆ ಬದಲಾದದ್ದು ಆಗ. ಗೋಡೆಗೆ ಔಷಧಿ ಹೊಡೆಯುವವರ ಬದಲು ಮನೆಮನೆಗೆ ಲಾರ್ವಾ (ಸೊಳ್ಳೆಮರಿ) ಸಮೀಕ್ಷೆ ಬಂತು, ಆಶಾ ಕಾರ್ಯಕರ್ತೆಯರು ಡ್ರಮ್ಮಿಗೆ ಇಣುಕತೊಡಗಿದರು. ಹೊಣೆ ಸದ್ದಿಲ್ಲದೆ ಸರ್ಕಾರದಿಂದ ಮನೆಯವರ ಹೆಗಲಿಗೆ ಜಾರಿತು. ನಲ್ಲಿಯ ಸರದಿ ಮಾತ್ರ ಬದಲಾಗಲಿಲ್ಲ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಯ ಮಾದರಿಯಲ್ಲಿ ಝಿಕಾ ವೈರಸ್ ಸಿಕ್ಕಾಗ ಅಧಿಕಾರಿಗಳು ಐದು ಕಿಲೋಮೀಟರ್ ಸುತ್ತ ಜ್ವರದವರನ್ನು ಹುಡುಕಿದರು. ಝಿಕಾವನ್ನು ಹರಡುವುದೂ ಇದೇ ಈಡಿಸ್.

ಇನ್ನು ಚರಂಡಿ. ಪಾಯಿಖಾನೆ ನೀರು ಒಳಚರಂಡಿಗೆ ಸೇರಿದರೂ ಬಚ್ಚಲು, ಅಡುಗೆಮನೆ, ಬಟ್ಟೆ ತೊಳೆದ ನೀರು ಎಷ್ಟೋ ಬೀದಿಗಳಲ್ಲಿ ಮಳೆ ನೀರಿನ ಮೋರಿಗೇ ಹೋಗುತ್ತದೆ. ಮಳೆಗಾಲದ ನೆರೆಗೆಂದು ಅಗಲ ಕಟ್ಟಿದ, ತಳ ಚಪ್ಪಟೆಯಾದ ಮೋರಿಯಲ್ಲಿ ಬೇಸಿಗೆಯ ಆ ಸಣ್ಣ ನೀರು ಹರಡಿ ನಿಲ್ಲುತ್ತದೆ. ತಳದ ನಡುವೆ ಗೇಣಗಲ ಸಣ್ಣ ಕಾಲುವೆ ಬಿಟ್ಟು ಕಟ್ಟಿದ್ದರೆ ಅಷ್ಟೇ ನೀರು ಓಡುತ್ತಿತ್ತು. ಓಡುವ ನೀರಿನಲ್ಲಿ ಸೊಳ್ಳೆ ಮೊಟ್ಟೆ ನಿಲ್ಲುವುದಿಲ್ಲ. ಇದರ ಮೇಲೆ ಪ್ರತಿ ಮನೆಯವರೂ ಕಾರು ಹತ್ತಿಸಲು ಹಾಕಿದ ಕಾಂಕ್ರೀಟ್ ಹಾಸು. ಅದರಡಿ ಸಲಿಕೆ ಹೋಗುವುದಿಲ್ಲ, ಹೂಳು ಅಲ್ಲೇ ಗಟ್ಟಿಯಾಗಿ ಹಿಂದೆ ನೀರು ನಿಲ್ಲುತ್ತದೆ. ಪೌರಕಾರ್ಮಿಕರು ತೆಗೆದ ಹೂಳನ್ನು ಅಂಚಿಗೇ ಹಾಕಿ, ಸಾಗಿಸುವ ಟ್ರ್ಯಾಕ್ಟರ್ ತಡವಾದರೆ ಒಂದು ಮಳೆಗೆ ಅದು ವಾಪಸು ಮೋರಿಗೆ. ಶಿಡ್ಲಘಟ್ಟದಂಥ, ರೇಷ್ಮೆ ನೂಲು ತೆಗೆಯುವ ರೀಲರ್‌ಗಳ ಊರಲ್ಲಿ ಗೂಡು ಬೇಯಿಸಿದ ನೀರೂ ಮೋರಿಗೆ ಬಿದ್ದರಂತೂ ಕೇಳಬೇಡಿ: ಕ್ಯೂಲೆಕ್ಸ್ ಮರಿಗೆ ಬೇಕಾದ ಕೊಳೆತ ಸಾರವೆಲ್ಲ ಅದರಲ್ಲಿದೆ. ಮಳೆ ನಿಂತು ತಿಂಗಳುಗಳಾಗಿ, ನೀರು ಕಡಿಮೆಯಾಗಿ, ಕೊಳೆ ಗಟ್ಟಿಯಾಗುವುದು ಫೆಬ್ರುವರಿ, ಮಾರ್ಚಿಯಲ್ಲಿ. ಶಿವರಾತ್ರಿ ಸೊಳ್ಳೆಯ ಗುಟ್ಟು ಇಷ್ಟೇ.

ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆರೆಗೆ ಬಂದ ಮೇಲೆ ಸೊಳ್ಳೆ ಹೆಚ್ಚಾಯಿತು ಎಂಬ ಮಾತು ಎರಡೂ ಜಿಲ್ಲೆಯಲ್ಲಿದೆ. ಕೋಲಾರಕ್ಕೆ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಬಂತು, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿಯದು ಆನಂತರ. ಆ ನೀರಿನ ಗುಣಮಟ್ಟದ ಜಗಳ ದೊಡ್ಡದು, ಇಲ್ಲಿ ಬೇಡ. ಸೊಳ್ಳೆಯ ಮಟ್ಟಿಗೆ, ಗಾಳಿಗೆ ಅಲೆಯೇಳುವ, ಮೀನಿರುವ ಕೆರೆಯ ನಡುನೀರು ಅಪಾಯವಲ್ಲ. ಅಂಚಿನ ಜೊಂಡು, ಅಂತರಗಂಗೆ ಕಳೆ, ನಿಂತ ಗುಂಡಿಗಳು ಅಪಾಯ. ಕ್ಯೂಲೆಕ್ಸ್ ಕಿಲೋಮೀಟರ್ ದೂರ ಹಾರಬಲ್ಲದು. ಈಡಿಸ್ ಮಾತ್ರ ಹುಟ್ಟಿದ ಕಡೆಯಿಂದ ನೂರಿನ್ನೂರು ಮೀಟರ್ ದಾಟುವುದು ಅಪರೂಪ. ಡೆಂಗಿ ಬಂದ ಮನೆಯವರು ಕೆರೆಯ ಕಡೆ ಬೆರಳು ತೋರಿಸಿದರೆ ಪ್ರಯೋಜನವಿಲ್ಲ.

ಹಾಗಾದರೆ ಹೊಗೆ? ಗಾಡಿಯಲ್ಲಿ ಇರುವುದು ಸಾಮಾನ್ಯವಾಗಿ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಬೆರೆಸಿದ ಕೀಟನಾಶಕ. ಶೇ 2ರ ಪೈರೆಥ್ರಮ್ ಆದರೆ 1 ಲೀಟರಿಗೆ 19 ಲೀಟರ್ ಸೀಮೆಎಣ್ಣೆ. ಕಣ್ಣಿಗೆ ಕಾಣುವ ಬಿಳಿ ಮೋಡ ಎಣ್ಣೆಯದು. ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಗೆ ಹನಿ ತಾಗಿದರೆ ಸಾಯುತ್ತದೆ, ಅಷ್ಟೇ. ಮೋರಿಯಲ್ಲಿನ ಮರಿಗೆ ಏನೂ ಆಗುವುದಿಲ್ಲ, ಮರುದಿನಕ್ಕೆ ಔಷಧಿಯ ಅಂಶವೂ ಉಳಿಯುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೆ ಹೊಗೆ ಮೇಲಕ್ಕೇರಿ ಹೋಗುತ್ತದೆ, ಗಾಳಿ ಜೋರಿದ್ದರೆ ಪಕ್ಕದ ಬೀದಿಗೆ. ಈಡಿಸ್ ಕುಳಿತಿರುವುದು ಮಂಚದಡಿ, ಪರದೆಯ ಹಿಂದೆ, ನೇತುಹಾಕಿದ ಬಟ್ಟೆಯಲ್ಲಿ. ಗಾಡಿಯ ಸದ್ದು ಕೇಳಿದೊಡನೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಊರಂಚಿನಲ್ಲಿ ಹಿಪ್ಪುನೇರಳೆ ತೋಟ, ಹುಳು ಮನೆ ಇದ್ದರೆ ಹೊಗೆಯಿಂದ ಅದಕ್ಕೆ ಹಾನಿ. ಡೆಂಗಿ ಖಚಿತವಾದ ಮನೆ ಮತ್ತು ಸುತ್ತಲ ಮನೆಗಳ ಒಳಗೆ, ವೈರಸ್ ಹೊತ್ತ ಸೊಳ್ಳೆಯನ್ನು ತಕ್ಷಣ ಕೊಲ್ಲಲು ಮಾಡುವ ಸಿಂಪಡಣೆಗೆ ಅರ್ಥವಿದೆ. ಉಳಿದದ್ದು ಕಣ್ಣಿಗೆ ಕಾಣುವ ಕೆಲಸ. ಹೂಳೆತ್ತಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮರಿ ಕೊಲ್ಲುವ ಔಷಧಿಯ ಲೆಕ್ಕ ಸರಳ. ಟೆಮಿಫಾಸ್ 50 ಇ.ಸಿ. (ನೀರಿಗೆ ಬೆರೆಸುವ ಶೇ 50ರ ದ್ರಾವಣ) ಆದರೆ 10 ಲೀಟರ್ ನೀರಿಗೆ 2.5 ಮಿಲಿ ಲೀಟರ್, ಚದರ ಮೀಟರಿಗೆ 20 ಮಿಲಿ ಲೀಟರ್ ದ್ರಾವಣ, ವಾರಕ್ಕೊಮ್ಮೆ. ಎರಡಡಿ ಅಗಲದ ಮೋರಿಯಾದರೆ ಹತ್ತು ಲೀಟರಿನ ಒಂದು ಪಂಪು ಸುಮಾರು 800 ಮೀಟರಿಗೆ ಸಾಕು. ತೇಲುವ ಪ್ಲಾಸ್ಟಿಕ್ಕು, ಕಸ ತೆಗೆಯದೆ ಮೇಲಿಂದ ಹೊಡೆದರೆ ಔಷಧಿ ನೀರಿಗೇ ಇಳಿಯುವುದಿಲ್ಲ. ಎರಡು ವಾರ ಬಿಟ್ಟರೆ ಒಂದು ಪೀಳಿಗೆ ಹಾರಿಹೋಗಿರುತ್ತದೆ. ಗ್ಯಾರೇಜಿನ ಸುಟ್ಟ ಆಯಿಲ್ ಸುರಿಯುವವರೂ ಇದ್ದಾರೆ. ಅದು ನೆಲ, ಕೆರೆ ಎರಡನ್ನೂ ಕೆಡಿಸುತ್ತದೆ, ಬೇಡ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ ದಂಡ ಗೊತ್ತುಮಾಡಿತು. ಸೊಳ್ಳೆ ಹುಟ್ಟಲು ಬಿಟ್ಟರೆ ನಗರದಲ್ಲಿ ಮನೆಗೆ ₹400, ಅಂಗಡಿ, ಕಚೇರಿಯಂಥವಕ್ಕೆ ₹1,000, ಖಾಲಿ ನಿವೇಶನ ಮತ್ತು ಕಟ್ಟಡ ಕಾಮಗಾರಿಗೆ ₹2,000. ಹಳ್ಳಿಗಳಲ್ಲಿ ಇದರ ಅರ್ಧ. ಕಾಮಗಾರಿಗೆ ಹೆಚ್ಚು ಇಟ್ಟದ್ದು ನ್ಯಾಯವೇ. ತಾರಸಿಗೆ ಮಣ್ಣಿನ ಬದು ಕಟ್ಟಿ ವಾರಗಟ್ಟಲೆ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡುವುದು ಇಲ್ಲಿಯ ರೂಢಿ. ನಾಲ್ಕೈದು ದಿನಕ್ಕೊಮ್ಮೆ ಆ ನೀರು ಒಡೆದುಬಿಟ್ಟು ಹೊಸದು ಹಾಕಿದರೆ, ಇಲ್ಲವೇ ಒದ್ದೆ ಗೋಣಿ ಹಾಸಿದರೆ ಕಾಂಕ್ರೀಟಿಗೂ ನಷ್ಟವಿಲ್ಲ. ಖಾಲಿ ಸೈಟಿನದು ಬೇರೆ ಗೋಳು. ಮಾಲೀಕರು ಬೆಂಗಳೂರಿನಲ್ಲಿ, ಸೈಟಿನಲ್ಲಿ ಪಾರ್ಥೇನಿಯಂ, ಎಳನೀರು ಬುರುಡೆ, ಟೈರು. ನೋಟಿಸು ಅಂಟಿಸಲು ಬಾಗಿಲೂ ಇಲ್ಲ. ಇನ್ನು ಮೋರಿ ನಗರಸಭೆಯದೇ ಆದಾಗ ದಂಡ ಯಾರಿಗೆ ಎಂಬುದಕ್ಕೆ ಈ ದರಪಟ್ಟಿಯಲ್ಲಿ ಸಾಲಿಲ್ಲ.

ಅದಕ್ಕೆ ಉತ್ತರ ಇನ್ನೊಂದು ಕಡೆಯಿದೆ. ಮಧ್ಯಪ್ರದೇಶದ ರತ್ಲಾಮಿನ ಒಂದು ವಾರ್ಡಿನವರು ತೆರೆದ ಚರಂಡಿ, ನಾತ, ಸೊಳ್ಳೆಯ ವಿಷಯ ಹಿಡಿದು ಮ್ಯಾಜಿಸ್ಟ್ರೇಟರ ಬಳಿ ಹೋದ ಪ್ರಕರಣದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್, ದುಡ್ಡಿಲ್ಲವೆಂಬ ನೆಪದಿಂದ ಪುರಸಭೆ ಈ ಕರ್ತವ್ಯ ತಪ್ಪಿಸಿಕೊಳ್ಳಲಾಗದು ಎಂದಿತು. ಆಗ ಬಳಸಿದ, ಸಾರ್ವಜನಿಕ ಉಪದ್ರವ ತೆಗೆಸುವ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಆಗಿದೆ, ಅರ್ಜಿ ಉಪವಿಭಾಗಾಧಿಕಾರಿಗೆ. ಅಲ್ಲಿಯವರೆಗೆ ಹೋಗುವ ಮುನ್ನ ದೂರನ್ನು ಎರಡಾಗಿ ಬರೆಯುವುದು ಒಳ್ಳೆಯದು. ಜ್ವರ, ಲಾರ್ವಾ ಸಮೀಕ್ಷೆಯ ವಿಷಯ ಆರೋಗ್ಯ ಇಲಾಖೆಗೆ, ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಯ ಹೆಸರಿಗೆ. ಹೂಳು, ಔಷಧಿ ಸಿಂಪಡಣೆ, ಖಾಲಿ ಸೈಟು ನಗರಸಭೆ ಪೌರಾಯುಕ್ತರಿಗೆ, ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಒಂದು ಪ್ರತಿ. ‘ಸೊಳ್ಳೆ ಜಾಸ್ತಿ, ಫಾಗಿಂಗ್ ಮಾಡಿಸಿ’ ಎಂದು ಬರೆದರೆ ಗಾಡಿ ಬಂದು ಹೋಗಿ ದೂರು ಇತ್ಯರ್ಥವಾಗುತ್ತದೆ. ಬದಲಿಗೆ ಯಾವ ಮನೆಯಿಂದ ಯಾವ ಮನೆವರೆಗೆ, ಎಷ್ಟು ಅಡಿ ಮೋರಿಯಲ್ಲಿ, ಎಷ್ಟು ದಿನದಿಂದ ನೀರು ನಿಂತಿದೆ, ತಡೆ ಎಲ್ಲಿದೆ ಎಂದು ಬರೆದು, ಬಿಳಿ ಬಟ್ಟಲಲ್ಲಿ ಮೊಗೆದ ನೀರಿನ ಫೋಟೋ ತಾರೀಖಿನ ಸಮೇತ ಲಗತ್ತಿಸಿ, ಸ್ವೀಕೃತಿ ಸಂಖ್ಯೆ ಪಡೆಯಬೇಕು. ತಡೆ ಇರುವುದು ದೂರು ಕೊಟ್ಟವರ ಮನೆ ಮುಂದಿನ ಹಾಸಿನ ಕೆಳಗೇ ಆಗಿದ್ದರೆ ಅದನ್ನು ಮೊದಲು ಎತ್ತಿಸಿಕೊಂಡು ಬರೆಯುವುದು ಲೇಸು. ಸ್ಥಳ ತನಿಖೆಗೆ ಬಂದವರು ಮೊದಲು ನೋಡುವುದು ಅದನ್ನೇ.